ಅರ್ಧ ಸುಣ್ಣ ಬಳಿದ ಬಾಗಿಲು

ಫ್ಯಾನಿನ ಗಾಳಿಗೆ ಟ್ರೇಸಿಂಗ್ ಹಾಳೆಯ ಮೂಲೆ ಏಳುತ್ತದೆ, ಕೂರುತ್ತದೆ, ಮತ್ತೆ ಏಳುತ್ತದೆ, ನಿದ್ದೆಯಲ್ಲಿರುವವರ ಎದೆಯ ಹಾಗೆ, ಅವಳು ಅದರ ಮೇಲೆ ಬೆರಳಿಡುತ್ತಾಳೆ — ಹತ್ತಿಯ ಕೈಗವಸಿನೊಳಗಿನ ಬೆರಳು, ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯದ ಬೆರಳು, ಈಚೆಗೆ ಕೈಗವಸು ತೆಗೆದ ಮೇಲೂ ಹಾಗೇ ಇರುತ್ತದೆ, ನಲ್ಲಿಯ ನೀರು ಕೈಮೇಲೆ ಬಿದ್ದರೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಅಷ್ಟೆ. ಹಾಳೆಯ ಕೆಳಗೆ ಹಳೆಯ ಫೋಟೋ, ಚಿತ್ರದಲ್ಲಿ ಬೀದಿ, ಬೀದಿಯ ಉದ್ದಕ್ಕೂ ಬಾಗಿಲು, ಬಾಗಿಲು ಬಾಗಿಲಿಗೂ ಬೆನ್ನು ಒತ್ತಿ ನಿಂತ ಜನ, ಎಲ್ಲರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾರೆ, ನಗುತ್ತಿದ್ದಾರೋ ಅಳುತ್ತಿದ್ದಾರೋ, ಸುಣ್ಣ ಕಣ್ಣಿಗೆ ಬಿದ್ದರೆ ಎರಡೂ ಒಂದೇ ಥರ ಕಾಣುತ್ತದಂತೆ. ಹಾಗೆಂದು ಬೆಳಿಗ್ಗೆ, ಅವತ್ತು ಆ ಸಾಲಿನಲ್ಲಿ ನಿಂತಿದ್ದ ಟೈಲರ್ ಮಾವ ಹೇಳಿದರು. ಚಿತ್ರದ ಮೇಲೆ ತೆಳು ಹಾಳೆ ಹಾಸಿ, ಒಬ್ಬೊಬ್ಬರ ಸುತ್ತಲೂ ಪೆನ್ಸಿಲ್ ಗೆರೆ ಎಳೆದು, ತಲೆಯೊಳಗೊಂದು ಅಂಕಿ ಬರೆದು, ಆಮೇಲೆ ಆ ಅಂಕಿಗೊಂದು ಹೆಸರು ಹುಡುಕುವುದು — ನಗರಸಭೆಯ ದಾಖಲೆ ಕೊಠಡಿಯಲ್ಲಿ ಅವಳಿಗೆ ಸಂಬಳ ಬರುವುದು ಇದಕ್ಕೇ. ಹಾಳೆಯನ್ನು ಚಿತ್ರದಿಂದ ಎತ್ತಿದರೆ ಮುಖಗಳೆಲ್ಲ ಕೆಳಗೇ ಉಳಿದು ಬರೀ ಗೆರೆಯ ಮನುಷ್ಯರು ಮೇಲೆ ಬರುತ್ತಾರೆ, ಕಿಟಕಿಯ ಬೆಳಕಿಗೆ ಹಿಡಿದರೆ ಅವರ ಹೊಟ್ಟೆಯೊಳಗಿನಿಂದ ಎದುರಿನ ಕಟ್ಟಡ ಕಾಣುತ್ತದೆ, ತಂತಿಯ ಮೇಲೆ ಕೂತ ಪಾರಿವಾಳ ಕಾಣುತ್ತದೆ. ಅವತ್ತು ಮನೆಗೆ ನಂಬರ್ ಹಾಕಿದ್ವಿ, ಇವತ್ತು ನಮ್ಮ ತಲೆಗೇ ಹಾಕ್ತಿದೀಯಲ್ಲ ಸೊಸೆ, ಅಂದಿದ್ದರು ಟೈಲರ್ ಮಾವ, ಇಡೀ ಓಣಿಗೇ ಅವಳು ಸೊಸೆ, ಎಲ್ಲರೂ ನಕ್ಕರು, ಅವಳೂ ತುಟಿ ಅಗಲಿಸಿದಳು, ಹಾಗೆ ಮಾಡಿದರೆ ಜನ ಸಮಾಧಾನದಿಂದ ಮುಂದಿನ ಮಾತಿಗೆ ಹೋಗುತ್ತಾರೆ ಎಂಬುದು ಅವಳಿಗೆ ಈಗ ಗೊತ್ತಾಗಿದೆ. ಈಗ ಕೊಠಡಿಯಲ್ಲಿ ಯಾರೂ ಇಲ್ಲ. ಎಲ್ಲರೂ ಕೆಳಗೆ ಕ್ಯಾಂಟೀನಿಗೆ ಹೋಗಿದ್ದಾರೆ. ಅವರು ಬರುವಷ್ಟರಲ್ಲಿ ಹೆಸರು ಬರೆದಿರಬೇಕು, ಒಂದೇ ಒಂದು ಹೆಸರು, ಸಾಲಿನ ಕೊನೆಯ ತಲೆಗೆ, ಅಂಕಿ ಇದೆ, ಹೆಸರಿಲ್ಲ.

ಕೊನೆಯ ತಲೆ ಅಲ್ಲಾಡಿಬಿಟ್ಟಿದೆ. ಸುಣ್ಣದ ಪಂಪು ಅವನತ್ತ ತಿರುಗಿದ ಗಳಿಗೆಯಲ್ಲೇ ಫೋಟೋದವನು ಗುಂಡಿ ಒತ್ತಿರಬೇಕು, ಆ ಹುಡುಗ ಮುಖ ಆಚೆ ತಿರುಗಿಸಿದ್ದಾನೆ, ಮೂಗು ಬಾಯಿ ಎಲ್ಲ ಹೊಗೆಯಂತೆ ಕಲಸಿಹೋಗಿ ಒಂದು ಕಿವಿ ಮಾತ್ರ ನೆಟ್ಟಗೆ ಸಿಕ್ಕಿದೆ. ಬೆಳಿಗ್ಗೆಯಿಂದ ಹೆಸರುಗಳು ಎಷ್ಟು ಸಲೀಸಾಗಿ ಬಂದವು, ಇವಳು ಇಸ್ತ್ರಿಯವಳು, ಇವನು ಗಿರಣಿಯ ಗೇಟಿನವನು, ಇದು ನಾನೇ ನೋಡಿ, ಆಗ ತಲೆ ತುಂಬ ಕೂದಲು, ಈಗ ಬಾಚಣಿಗೆಗೆ ಕೆಲಸ ಇಲ್ಲ, ಮತ್ತೆ ನಗು, ಟೀಚರಮ್ಮ ಕನ್ನಡಕ ಒರೆಸಿಕೊಂಡು ಸಾಲು ಸಾಲಾಗಿ ಗುರುತಿಸುತ್ತ ಬಂದರು, ಮನೆ ನಂಬರಿನ ಚಳವಳಿ ಕಟ್ಟಿದವರು ಅವರೇ, ಇಷ್ಟು ವಯಸ್ಸಾದರೂ ಹಾಜರಿ ಕರೆಯುವ ದನಿ ಹೋಗಿಲ್ಲ. ಕೊನೆಯ ತಲೆಗೆ ಬಂದಾಗ ಟೀಚರಮ್ಮನ ಬೆರಳು ನಿಂತಿತು. ಅವಳು ಪೆನ್ಸಿಲ್ ಹಿಡಿದು ಕಾದಳು. ಟೈಲರ್ ಮಾವ ಟೀಚರಮ್ಮನನ್ನು ನೋಡಿದರು, ಟೀಚರಮ್ಮ ಅವಳ ಅತ್ತೆಯನ್ನು ನೋಡಿದರು, ಅತ್ತೆ ಮೇಜಿನ ಆಚೆ ತುದಿಯಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದವರು ಚೀಲದ ಜಿಪ್ಪನ್ನು ಎಳೆದರು, ಮುಚ್ಚಿದರು. ಬರ್ಕೊಳ್ಳಮ್ಮ, ಅಂದರು ಟೈಲರ್ ಮಾವ ಮೆತ್ತಗೆ, ನಿನ್ ಗಂಡಾನೇ ಅದು, ನಮ್ ಸಿಳ್ಳೆ. ಹಲ್ಲಿನ ಸಂದಿಯಿಂದ ಸಿಳ್ಳೆ ಹೊಡೆಯುತ್ತಿದ್ದುದಕ್ಕೆ ಓಣಿಯಲ್ಲಿ ಅವನಿಗೆ ಅದೇ ಹೆಸರು, ಮದುವೆಯ ದಿನವೂ ಹಾಗೇ ಕರೆದಿದ್ದರು. ಅವಳು ಬರೆಯಲಿಲ್ಲ. ಸಿಳ್ಳೆ ಅಂತ ಕಲ್ಲಿನ ಮೇಲೆ ಕೆತ್ತಿಸೋಕಾಗಲ್ಲ ಕಣ್ರೀ, ಪೂರ್ತಿ ಹೆಸರು ಬರೀಲಿ, ಅಂದರು ಟೀಚರಮ್ಮ, ಆಮೇಲೆ ಕುರ್ಚಿ ಸರಿಸಿ ಎದ್ದು, ಬನ್ನಿ, ಒಂದು ಲೋಟ ಟೀ ಕುಡಿದು ಬರೋಣ, ಅಷ್ಟರಲ್ಲಿ ಅವಳು ಬರ್ದಿರ್ತಾಳೆ. ಅತ್ತೆ ಹೋಗುವಾಗ ಅವಳ ಭುಜ ಮುಟ್ಟಿ ಹೋದರು. ಮುಟ್ಟಿದ್ದು ಕನ್ನಡಿಯಲ್ಲಿ ನೋಡಿದ ಹಾಗಿತ್ತು.

ಕಲ್ಲು — ಹೌದು, ಕಲ್ಲಿಗಾಗಿಯೇ ಇದೆಲ್ಲ. ಓಣಿಗಳ ಬಾಯಲ್ಲಿ ಕಲ್ಲು ನಿಲ್ಲಿಸುತ್ತಾರೆ, ಅದರ ಮೇಲೆ ಅವತ್ತು ಬಾಗಿಲಿಗೆ ಬೆನ್ನು ಕೊಟ್ಟು ನಿಂತವರ ಹೆಸರು, ಸಂಜೆ ಕೆತ್ತುವವನ ಕೈಗೆ ಹೆಸರುಗಳು ಹೋಗಬೇಕು. ಗಿರಣಿಯ ಹಿಂದಿನ ಓಣಿಗಳಿಗೆ ಆಗ ಮನೆ ನಂಬರೇ ಇರಲಿಲ್ಲ, ಅರ್ಜಿ ಹಿಡಿದು ಹೋದರೆ ಆಫೀಸಿನವನು ತಲೆ ಎತ್ತದೆ ಹೇಳುತ್ತಿದ್ದನಂತೆ, ನಂಬರ್ ಇಲ್ಲದ ಮೇಲೆ ಮನೆ ಇಲ್ಲ, ಮನೆ ಇಲ್ಲದ ಮೇಲೆ ವೋಟೆಲ್ಲಿಂದ ಬರುತ್ತೆ, ಮುಂದಿನೋರು ಬನ್ನಿ. ಒಂದು ಭಾನುವಾರ ಓಣಿಯವರೇ ಬಣ್ಣದ ಡಬ್ಬ ತಂದು ತಮ್ಮ ಬಾಗಿಲಿಗೆ ತಾವೇ ನಂಬರ್ ಬರೆದುಕೊಂಡರು, ಆ ವಾರದಲ್ಲೇ ನಗರಸಭೆಯ ಲಾರಿ ಬಂತು, ಡ್ರಮ್ಮಿನಲ್ಲಿ ಸುಣ್ಣ, ಉದ್ದ ಪೈಪಿನ ಪಂಪು, ನಂಬರ್ ಅಳಿಸಲು, ಜನ ಬಾಗಿಲಿಗೆ ಬೆನ್ನು ಒತ್ತಿ ನಿಂತರು, ಪಂಪು ನಿಲ್ಲಲಿಲ್ಲ, ಅವರೂ ಸರಿಯಲಿಲ್ಲ — ಇದೆಲ್ಲ ಅವಳಿಗೆ ಬಾಯಿಪಾಠ, ವಿಶ್ವವಿದ್ಯಾಲಯದಲ್ಲಿ ಇದರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದಳು, ಕೇಸು ನಡೆದದ್ದು, ನಂಬರ್ ಸಕ್ರಮವಾದದ್ದು, ಮೊದಲ ಸಲ ವೋಟು ಹಾಕಿದ ಮುದುಕಿ ಶಾಯಿ ಹಚ್ಚಿದ ಬೆರಳಿಗೆ ಎಷ್ಟೋ ದಿನ ಬಟ್ಟೆ ಸುತ್ತಿಕೊಂಡು ತಿರುಗಿದ್ದು. ಈಗ ಅದೇ ನಗರಸಭೆ ಕಲ್ಲಿಗೆ ಜಾಗ ಕೊಟ್ಟಿದೆ. ಆದರೆ ಕಲ್ಲು ಬರುತ್ತದೆ ಅಂದದ್ದೇ ತಡ, ನಾನೂ ನಿಂತಿದ್ದೆ, ನಮ್ಮಪ್ಪನೂ ನಿಂತಿದ್ದ, ನಮ್ಮ ಚಿಕ್ಕಮ್ಮನ ಭಾವನೂ ನಿಂತಿದ್ದ, ಟೀಚರಮ್ಮನಿಗೆ ತಲೆ ಚಿಟ್ಟು ಹಿಡಿದು ಒಂದೇ ಮಾತು ಹೇಳಿಬಿಟ್ಟರು, ಫೋಟೋದಲ್ಲಿ ಕಂಡವರ ಹೆಸರು ಮಾತ್ರ. ಸರಿಯಾಗೇ ಹೇಳಿದ್ರಿ, ನಿಂತಿದ್ದೆ ಅನ್ನೋರೆಲ್ಲ ಅವತ್ತು ನಿಂತಿದ್ದಿದ್ರೆ ಸುಣ್ಣ ಸಾಲದೆ ಲಾರಿ ವಾಪಸ್ ಹೋಗ್ತಿತ್ತು, ಇದೂ ಟೈಲರ್ ಮಾವನೇ. ನಾನೂ ನಿಂತಿದ್ದೆ ಕಣೇ, ಅಂತ ಅವಳ ಗಂಡನೂ ಹೇಳುತ್ತಿದ್ದ. ಊಟದ ತಟ್ಟೆಯ ಮುಂದೆ, ಬಸ್ಸಿನ ಕಿಟಕಿಯ ಪಕ್ಕ, ಒಮ್ಮೆ ಇಡೀ ಸಂಜೆ ಅವಳ ಅಧ್ಯಾಯದ ಹಾಳೆಗಳ ಮೇಲೆ ಅಂಗಾತ ಮಲಗಿ, ಬಾಯೊಳಗೆಲ್ಲ ಸುಣ್ಣ, ಎರಡು ದಿನ ಯಾವುದಕ್ಕೂ ರುಚಿ ಇಲ್ಲ, ನಿನ್ನ ಪುಸ್ತಕದಲ್ಲಿ ಅದನ್ನ ಬರಿ. ಏಳೋ, ಹಾಳೆ ಮುದುಡುತ್ತೆ. ಮುದುಡಲಿ ಬಿಡು, ಜೆರಾಕ್ಸ್ ಮಾಡ್ಕೊಡ್ತೀನಿ, ಅದಕ್ಕೆ ತಾನೇ ಕಟ್ಕೊಂಡಿದ್ದು ನನ್ನ.

ಜೆರಾಕ್ಸ್ ಮಷೀನ್ ರಿಪೇರಿ ಮಾಡುವವನು. ಅವಳು ಅವನನ್ನು ಮೊದಲು ನೋಡಿದಾಗ ಕಂಡದ್ದು ಮುಖವಲ್ಲ, ವಿಭಾಗದ ಮಷೀನಿನ ಹೊಟ್ಟೆಯೊಳಗೆ ತಲೆ ತೂರಿಸಿ ಮಂಡಿಯೂರಿದ್ದ, ಹೊರಗಿದ್ದದ್ದು ಒಂದು ಕಿವಿ, ಕಪ್ಪು ಪುಡಿ ಮೆತ್ತಿದ ಕಿವಿ, ಅದೇ ವಾರ ಮೇಷ್ಟ್ರು ಪಾಠ ಮಾಡಿದ್ದರು, ಹಳೆಯ ಫೋಟೋದಲ್ಲಿ ಯಾರನ್ನಾದರೂ ಗುರುತಿಸಬೇಕಾದರೆ ಮುಖ ನಂಬಬೇಡಿ, ಮುಖ ದಪ್ಪವಾಗುತ್ತೆ, ಸೊರಗುತ್ತೆ, ಗಡ್ಡ ಬಿಡುತ್ತೆ, ಕಿವಿ ನೋಡಿ, ಕಿವಿಯ ಅಚ್ಚು ಕಡೇವರೆಗೂ ಹಾಗೇ ಇರುತ್ತೆ, ಇಡೀ ತರಗತಿ ನಕ್ಕಿತ್ತು, ಆಮೇಲೆ ಎಲ್ಲರೂ ಒಂದು ತಿಂಗಳು ಬಸ್ಸಿನಲ್ಲಿ ಕಂಡಕಂಡವರ ಕಿವಿ ನೋಡಿದ್ದೇ ನೋಡಿದ್ದು. ಅವನ ಕಿವಿಯ ಹಾಲೆ ಜೋತುಬಿದ್ದಿರಲಿಲ್ಲ, ನೇರ ಕೆನ್ನೆಗೆ ಅಂಟಿಕೊಂಡಿತ್ತು, ಅಂಟಿದ ಕಡೆ ಒಂದು ಸಣ್ಣ ಮಡಿಕೆ, ಅಲ್ಲಿ ಎಷ್ಟು ತೊಳೆದರೂ ಕಪ್ಪು ಪುಡಿ ಉಳಿಯುತ್ತಿತ್ತು, ಅವಳು ಟವೆಲಿನ ತುದಿ ಒದ್ದೆ ಮಾಡಿ ತಿರುಚಿ ಒರೆಸುತ್ತಿದ್ದಳು, ಅವನು ಬೆಕ್ಕಿನ ಹಾಗೆ ಕತ್ತು ಕುಗ್ಗಿಸಿ, ಬಿಡೇ, ಕಚಗುಳಿ. ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿ ತೋರಿಸಿದಾಗಲೂ ಆ ಮಡಿಕೆಯಲ್ಲಿ ಕಪ್ಪು ಇತ್ತು. ಯಾವುದೋ ಆಫೀಸಿನ ಮಷೀನಿನ ಮುಚ್ಚಳ ಬಿಚ್ಚಿ ಕೂತವನು ಹಾಗೇ ಅದಕ್ಕೆ ಒರಗಿದನಂತೆ, ಒಳಗೆ ಏನೋ ನೋಡ್ತಿದಾನೆ ಅಂದುಕೊಂಡು ಅಲ್ಲಿಯವರು ಅವನ ಪಕ್ಕದಲ್ಲೇ ಓಡಾಡಿದರಂತೆ, ಇಷ್ಟು ಚಿಕ್ಕ ವಯಸ್ಸಿನ ಹೃದಯ, ಯಾರಿಗೆ ಹೊಳೆಯಬೇಕು, ಡಾಕ್ಟರು ಹೇಳುತ್ತಿದ್ದರು, ಅವಳು ಡಾಕ್ಟರ ಕಿವಿ ನೋಡುತ್ತಿದ್ದಳು. ಜೋತುಬಿದ್ದ ಹಾಲೆ. ಭೂತಗನ್ನಡಿಯನ್ನು ಈಗ ಚಿತ್ರದ ಮೇಲೆ ಇಳಿಸುತ್ತಾಳೆ, ಬೆಳಿಗ್ಗೆಯೇ ನೋಡಿಯಾಗಿದೆ, ಮತ್ತೆ ನೋಡುತ್ತಾಳೆ, ಕೊನೆಯ ತಲೆ ತಿರುಗುತ್ತಿದೆ, ತಿರುಗುತ್ತಲೇ ಇದೆ, ಇಷ್ಟು ವರ್ಷಗಳಿಂದ ಸುಣ್ಣದಿಂದ ಮುಖ ಉಳಿಸಿಕೊಳ್ಳುತ್ತಲೇ ಇದೆ, ಕಿವಿ ಮಾತ್ರ ನಿಂತಿದೆ, ಹಾಲೆ ಜೋತುಬಿದ್ದಿದೆ, ಹಣ್ಣಿನ ಹಾಗೆ, ನೀರಿನ ಹನಿಯ ಹಾಗೆ. ಅವನಲ್ಲ. ಪೆನ್ಸಿಲ್ ಎತ್ತಿ ಅವನ ಹೆಸರಿನ ಮೊದಲ ಅಕ್ಷರದಷ್ಟು ಗಾಳಿಯಲ್ಲಿ ಬರೆದು ನೋಡುತ್ತಾಳೆ. ಎಷ್ಟು ಸುಲಭ. ಯಾರು ಕಿವಿ ನೋಡುತ್ತಾರೆ. ಕಲ್ಲಿನ ಮೇಲೆ ಹೆಸರು ಬಂದರೆ ಅತ್ತೆ ತರಕಾರಿಗೆ ಹೋಗುವಾಗಲೆಲ್ಲ ಆ ದಾರಿಯಲ್ಲೇ ಹೋಗುತ್ತಾರೆ, ಬಿಸಿಲಿಗೆ ಕಾದ ಕಲ್ಲನ್ನು ಮುಟ್ಟುತ್ತಾರೆ, ಅತ್ತೆಗೆ ಬಿಸಿ ಗೊತ್ತಾಗುತ್ತದೆ. ಬರೆಯದಿದ್ದರೆ, ನಾನೂ ನಿಂತಿದ್ದೆ ಕಣೇ ಎಂಬುದು ಎಲ್ಲಿ ಹೋಗುತ್ತದೆ, ಅದನ್ನು ಕೇಳಿದ ಕಿವಿ ಇವಳದೊಂದೇ, ಇವಳು ಆಗ ಪೂರ್ತಿ ಕೇಳಿರಲೂ ಇಲ್ಲ, ತಾರೀಕು ಸರಿಯಾಗಿ ಹೇಳೋ ಅಂದಿದ್ದಳು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಟೈಲರ್ ಮಾವನ ದನಿ ಮೊದಲು ಬರುತ್ತದೆ, ಅವರು ಆಮೇಲೆ, ಕ್ಯಾಂಟೀನಿನ ಟೀ ಬಗ್ಗೆ ಮೂಗು ಮುರಿಯುತ್ತ, ಬಿಸಿನೀರಿಗೆ ಟೀಪುಡಿಯ ಫೋಟೋ ತೋರಿಸಿ ಕೊಟ್ಟಿದ್ದಾರೆ ಟೀಚರ್. ಅದರ ಹಿಂದೆಯೇ ಇನ್ನೊಂದು ಮಾತು, ಯಾರೋ ಕೆಳಗೆ ಕೇಳಿದ್ದಕ್ಕೆ ಉತ್ತರವಿರಬೇಕು, ಅವಳು ತಲೆ ಎತ್ತದೆ ಕೇಳಿಸಿಕೊಳ್ಳುತ್ತಾಳೆ — ಲಾರಿ ಹೋದ್ಮೇಲೆ ನಾನು ಬಾಗಿಲಿಂದ ಈಚೆ ಬಂದು ತಿರುಗಿ ನೋಡ್ತೀನಿ, ನಾನಿನ್ನೂ ಅಲ್ಲೇ ನಿಂತಿದೀನಿ! ಸುತ್ತ ಎಲ್ಲ ಬೆಳ್ಳಗೆ, ನಾನು ನಿಂತಿದ್ದಷ್ಟು ಜಾಗ ಮಾತ್ರ ಹಳೇ ಬಾಗಿಲು, ತಲೆ, ಕತ್ತು, ಎರಡು ಕಾಲು, ಕತ್ತರಿ ಹಾಕಿ ಕತ್ತರಿಸಿದ ಹಾಗೆ, ನಾನು ಟೈಲರು, ನಾನೇ ಅಷ್ಟು ನೀಟಾಗಿ ಯಾರದ್ದೂ ಅಳತೆ ತಗೊಂಡಿಲ್ಲ. ನಮ್ಮವಳು ಅಡುಗೆ ಮನೆಯಿಂದ ಬಂದು ಬಾಗಿಲು ನೋಡ್ಕೊಂಡೇ ಬೈದ್ಲು, ಇನ್ನೂ ಯಾಕ್ರೀ ನಿಂತಿದೀರ, ಬನ್ರೀ ಒಳಗೆ ಅಂತ, ನಾನು ಅವಳ ಪಕ್ಕದಲ್ಲೇ ಇದ್ದೆ ಕಣ್ರೀ! ಮೆಟ್ಟಿಲ ಮೇಲೆಯೇ ನಿಂತು ಎಲ್ಲರೂ ನಗುತ್ತಾರೆ. ಅವಳ ಪೆನ್ಸಿಲ್ ಹಾಳೆಯ ಅಂಚಿನಲ್ಲಿ ತನ್ನಷ್ಟಕ್ಕೆ ಒಂದು ತಲೆಯ ಗೆರೆ ಎಳೆಯುತ್ತದೆ, ಕತ್ತು, ಭುಜ. ಮನುಷ್ಯ ಈಚೆ ಬಂದಿದ್ದಾನೆ, ಬಾಗಿಲಲ್ಲಿ ಇನ್ನೂ ಇದ್ದಾನೆ. ಮನೆಯಲ್ಲಿ ಗಂಡ ಮಲಗುತ್ತಿದ್ದ ಕಡೆಯ ಹಾಸಿಗೆ ಹಾಗಲ್ಲ, ಅಲ್ಲಿ ಏನೂ ಉಳಿದಿಲ್ಲ, ಅವಳು ಹುಡುಕಿದ್ದಾಳೆ, ಹತ್ತಿ ಉಬ್ಬಿಕೊಂಡು ಸಮ ಆಗಿಬಿಟ್ಟಿದೆ, ದಿಂಬು ಯಾರದೂ ಅಲ್ಲದ ದಿಂಬಾಗಿದೆ, ಬಿಳಿ ಬಿಳಿ, ಅಂಚಿನಿಂದ ಅಂಚಿನವರೆಗೂ ಬಳಿದ ಹಾಗೆ, ನಡುವೆ ಒಂದು ಮನುಷ್ಯನಷ್ಟು ಜಾಗ ಬಿಟ್ಟು ಬಳಿದಿದ್ದರೆ, ಒಂದು ತಲೆ, ಒಂದು ಕತ್ತು —

ಬರ್ದಾಯ್ತಾ, ಅಂದರು ಟೀಚರಮ್ಮ. ಇಲ್ಲ ಟೀಚರ್, ಅನ್ನುತ್ತಾಳೆ, ತನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸುತ್ತದೆ, ಇದು ಅವರಲ್ಲ. ಯಾರಿಗೂ ಆಶ್ಚರ್ಯವಾಗಿಲ್ಲ ಎಂಬುದು ಅವಳಿಗೆ ನಿಧಾನಕ್ಕೆ ತಿಳಿಯುತ್ತದೆ, ನೀರಿನೊಳಗೆ ಬಿದ್ದ ನಾಣ್ಯ ತಳ ಮುಟ್ಟುವಷ್ಟು ನಿಧಾನಕ್ಕೆ, ಇವರಿಗೆಲ್ಲ ಗೊತ್ತಿತ್ತು. ಗೊತ್ತಮ್ಮಾ, ಅಂದರು ಟೈಲರ್ ಮಾವ, ಇದು ನಮ್ಮಲ್ಲಿ ಎರಡು ದಿನಕ್ಕೆ ಬಂದು ಹೋದ ಯಾವನೋ ನೆಂಟನೋ ಏನೋ, ಯಾರ ನೆಂಟ ಅಂತ ಯಾರಿಗೂ ನೆನಪಿಲ್ಲ, ಅವನು ಬಂದು ನನ್ನ ಹೆಸರು ಕೊಡಿ ಅಂತ ಕೇಳ್ತಾನಾ, ಇಲ್ಲ, ನಿಮ್ಮತ್ತೆ ಮುಖ ನೋಡು ಒಂದ್ಸಲ, ಒಂದು ಹೆಸರು ತಾನೇ, ಯಾರ ಗಂಟು ಹೋಗುತ್ತೆ. ಅವಳು ಅತ್ತೆಯ ಮುಖ ನೋಡಲಿಲ್ಲ. ಮಾವ, ನೀವೇ ಹೇಳಿದ್ರಲ್ಲ, ನಂಬರ್ ಬರೋಕ್ಮುಂಚೆ ನಿಮ್ಮ ರೇಷನ್ನು ಇನ್ಯಾರೋ ಹೆಸರಲ್ಲಿ ಹೊರಟುಹೋಗ್ತಿತ್ತು ಅಂತ, ಇವರು ಬಂದು ಕೇಳ್ತಾರಾ ಅಂತ ಆಫೀಸಿನೋರೂ ಹಾಗೇ ಅಂದ್ಕೊಂಡಿದ್ರು. ಹೇಳಿದ ಮೇಲೆ ಅವಳಿಗೇ ಅನ್ನಿಸಿತು, ಇದು ತುಂಬ ನುಣುಪಾದ ಮಾತು, ತರಗತಿಯಲ್ಲಿ ಹೇಳುವಂಥದ್ದು, ಟೈಲರ್ ಮಾವ ಮೇಜಿನ ಮೇಲಿನ ರಬ್ಬರನ್ನು ಅತ್ತಿತ್ತ ಉರುಳಿಸುತ್ತಾರೆ, ಪಾಪ. ಅವಳು ಬರೆಯುತ್ತಾಳೆ, ಕೊನೆಯ ಅಂಕಿಯ ಎದುರಿಗೆ, ಗುರುತು ಸಿಕ್ಕಿಲ್ಲ. ಎರಡು ಪದ. ಸೀಸದ ಕಡ್ಡಿ ಹಾಳೆಯ ಮೇಲೆ ಕರಕರ ಅಂದದ್ದು ಎಲ್ಲರಿಗೂ ಕೇಳಿಸಿತು. ಅತ್ತೆ ಚೀಲ ತೋಳಿಗೆ ಏರಿಸಿಕೊಂಡು ಎದ್ದು ಹೊರಟುಬಿಟ್ಟರು, ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ತುಂಬ ಹೊತ್ತು ತೆಗೆದುಕೊಂಡು ಮುಚ್ಚಿಕೊಂಡಿತು.

ಹೊರಗೆ ಉದ್ದನೆಯ ಮೊಗಸಾಲೆ, ನೆಲದ ಮೇಲೆ ಕಿಟಕಿಗಳ ಬೆಳಕು ಒಂದೊಂದು ಮಡಿಸಿದ ಬಟ್ಟೆಯ ಹಾಗೆ ಬಿದ್ದಿದೆ, ಅತ್ತೆ ಕೊನೆಯ ಕಿಟಕಿಯ ಹತ್ತಿರ ಬೆಂಚಿನ ಮೇಲೆ ಕೂತಿದ್ದಾರೆ, ಅವಳು ಬೆಳಕು, ನೆರಳು, ಬೆಳಕು ದಾಟಿ ಹೋಗುತ್ತಾಳೆ, ಹತ್ತಿರ ಹೋದಷ್ಟೂ ಅತ್ತೆ ಚಿಕ್ಕವರಾಗುತ್ತಾರೆ. ಅತ್ತೆ, ಅಂದಳು. ಬೇಡ, ಏನೂ ಹೇಳ್ಬೇಡ, ನನಗೂ ಗೊತ್ತು ಕಣೇ ಅದು ಅವನಲ್ಲ ಅಂತ, ಹೆತ್ತವಳು ನಾನು, ನೀನು ಕನ್ನಡಿ ಇಟ್ಕೊಂಡು ನೋಡ್ಬೇಕು, ನಾನು ಬೆನ್ನು ಮಾಡ್ಕೊಂಡೂ ಹೇಳ್ತೀನಿ. ಮತ್ತೆ ಯಾಕತ್ತೆ. ಯಾಕೆ ಅಂದ್ರೆ? ಸುಳ್ಳು ಜಾಗದಲ್ಲಾದ್ರೂ ಇರಲಿ ಅಂತ! ನಿಜವಾದ ಜಾಗಕ್ಕೆ ಫೋಟೋದವನು ಬರಲೇ ಇಲ್ವಲ್ಲ. ನಮ್ಮ ಹುಡುಗ ಯಾಕೆ ಫೋಟೋದಲ್ಲಿರೋ ಮುಂದಿನ ಓಣಿಗೆ ಹೋಗ್ತಾನೆ, ನಮ್ಮ ಬಾಗಿಲು ಬಿಟ್ಟು? ಹಿಂದಿನ ಓಣಿ ನಮ್ಮದು, ಚರಂಡಿ ವಾಸನೆ, ಆ ದೊಡ್ಡ ಮನುಷ್ಯ ಮುಂದಿನ ಓಣಿಯಲ್ಲೇ ರೀಲು ಖಾಲಿ ಮಾಡ್ಕೊಂಡು ಹೋದ. ಮಾರನೇ ದಿನ ಬಂದ ನೋಡು, ಕ್ಯಾಮೆರಾ ನೇತಾಕ್ಕೊಂಡು, ನಾವೆಲ್ಲ ಮೈ ತೊಳ್ಕೊಂಡು ಕೆಲಸಕ್ಕೆ ಹೋದ್ಮೇಲೆ, ಯಾರದ್ದು ತೆಗೀತಾನೆ, ಬರೀ ಬಾಗಿಲು ತೆಕ್ಕೊಂಡು ಹೋದ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು, ನಕ್ಕರು ಕೂಡ, ಸಿಟ್ಟಿನ ನಗು. ಬರೀ ಬಾಗಿಲು. ಕಿಟಕಿಯ ಬೆಳಕಿನಲ್ಲಿ ದೂಳು ಏಳುತ್ತಿದೆ, ಇಳಿಯುತ್ತಿದೆ, ಸುತ್ತ ಎಲ್ಲ ಬೆಳ್ಳಗೆ, ನಾನು ನಿಂತಿದ್ದಷ್ಟು ಜಾಗ ಮಾತ್ರ — ಬರೀ ಬಾಗಿಲು ಅವಳು ನೋಡಿದ್ದಾಳೆ. ಎಲ್ಲಿ? ಹೋದ ವರ್ಷ, ಕೆಲಸಕ್ಕೆ ವಾಪಸ್ ಬಂದ ಹೊಸದರಲ್ಲಿ, ದಿನಗಳು ಒಂದರೊಳಗೊಂದು ಕರಗಿ ಗಂಜಿಯಾಗಿದ್ದ ಕಾಲದಲ್ಲಿ, ಆ ಫೋಟೋದವನ ಸ್ಟುಡಿಯೋ ಮುಚ್ಚಿ ಡಬ್ಬಗಳೆಲ್ಲ ಇಲ್ಲಿಗೆ ಬಂದಾಗ, ಬೇರೆ ಮಾಡಲು ಕೂರಿಸಿದ್ದರು ಅವಳನ್ನು, ಜನ ಇರುವ ಚಿತ್ರ ಈ ಕಡೆ, ಜನ ಇಲ್ಲದ ಚಿತ್ರ ಆ ಕಡೆ, ಇಲ್ಲಿನ ಪದ್ಧತಿಯೇ ಅದು, ಜನ ಇದ್ದರೆ ಗೆರೆ, ಅಂಕಿ, ಹೆಸರು, ಜನ ಇಲ್ಲದಿದ್ದರೆ ಕಟ್ಟಡಗಳು ಎಂದು ಬರೆದ ಪೆಟ್ಟಿಗೆ, ಮುಗಿಯಿತು, ಆ ಪೆಟ್ಟಿಗೆಯನ್ನು ಯಾರಿಗೂ ತೋರಿಸುವುದಿಲ್ಲ, ಯಾರನ್ನೂ ಕೇಳುವುದಿಲ್ಲ, ಗೋಡೆಯನ್ನು ಗುರುತಿಸಿ ಅಂತ ಯಾರನ್ನು ಕರೆಸುತ್ತಾರೆ. ಅವಳೇ ಹಾಕಿದ್ದಳು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅವಳೇ ಬರೆದಿದ್ದಳು, ಒಂದಾದ ಮೇಲೊಂದು ಚಿತ್ರಕ್ಕೆ, ತನ್ನ ಚಂದದ ಅಕ್ಷರದಲ್ಲಿ, ಅರ್ಧ ಸುಣ್ಣ ಬಳಿದ ಬಾಗಿಲು. ಕೆಲಸ ಬರದವನು ಬಳಿದದ್ದು, ನಡುನಡುವೆ ಬಿಟ್ಟಿದ್ದಾನೆ, ಅಂತ ಅಂದುಕೊಂಡೂ ಇದ್ದಳು. ಬನ್ನಿ ಅತ್ತೆ. ಎಲ್ಲಿಗೆ. ಬನ್ನಿ ನೀವು.

ಪೆಟ್ಟಿಗೆ ಕೊಠಡಿಯ ಬೀರುವಿನ ಕೆಳಗಿನ ಅರೆಯಲ್ಲಿ, ಗಿರಣಿಯ ಚಿಮಣಿ, ಸೇತುವೆ, ನೀರಿನ ಟ್ಯಾಂಕು, ಇವುಗಳ ಚಿತ್ರಗಳ ಕೆಳಗೆ, ಅವಳ ಕೈ ಈಗ ಬೇಗ ಬೇಗ ಆಡುತ್ತಿದೆ, ಕೈಗವಸು ಹಾಕಿಲ್ಲ ಎಂಬುದು ಆಮೇಲೆ ಗಮನಕ್ಕೆ ಬಂತು, ಚಿತ್ರದ ಅಂಚು ಚೂಪಾಗಿದೆ, ಬೆರಳಿಗೆ ತಗಲುತ್ತದೆ. ಬಾಗಿಲು. ಇನ್ನೊಂದು ಬಾಗಿಲು. ಬಿಳಿಯ ನಡುವೆ ಕಪ್ಪಗೆ ಒಬ್ಬರು, ಅಗಲ ಸೊಂಟದವರು, ಬಿಳಿಯ ನಡುವೆ ಇನ್ನೊಬ್ಬರು, ಒಂದು ಕೈ ಮೇಲೆತ್ತಿದವರು, ಎಲ್ಲರೂ ಎದ್ದು ಹೋಗಿ ನೆರಳನ್ನು ಮರೆತು ಬಿಟ್ಟ ಹಾಗೆ, ಟೀಚರಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಮೇಜಿನ ಅಂಚು ಹಿಡಿದು ನಿಂತಿದ್ದಾರೆ, ಟೈಲರ್ ಮಾವ ಜೋಕು ಮಾಡುತ್ತಿಲ್ಲ. ನಿಲ್ಸು, ಅಂದರು ಅತ್ತೆ. ಅವಳೂ ನಿಲ್ಲಿಸಿದ್ದಳು. ಭೂತಗನ್ನಡಿ ಇಳಿಸಿದರೆ ಕಪ್ಪು ಆಕಾರದ ಎದೆಯ ಮೇಲೆ ಸೊಟ್ಟಂಬಟ್ಟ ಅಂಕಿಗಳು, ಬಣ್ಣ ಕೆಳಗೆ ಇಳಿದಿದೆ, ಅವಳು ಎಷ್ಟೋ ಸಲ ಬರೆದ ಅಂಕಿಗಳು, ಗ್ಯಾಸಿನವನಿಗೆ, ಬ್ಯಾಂಕಿನವನಿಗೆ, ಆಸ್ಪತ್ರೆಯ ಕಿಟಕಿಯಲ್ಲಿ ವಿಳಾಸ ಹೇಳಿ ಅಂದಾಗ, ತಾನು ಈಗ ಬೀಗ ತೆಗೆದು ಒಳಗೆ ಹೋಗುವ ಮನೆ, ಬಾಗಿಲು ಬದಲಾಗಿದೆ, ಅಂಕಿ ಅದೇ. ಸುಣ್ಣ ಮುಟ್ಟಲಾರದೆ ಹೋದ ಅಂಕಿ. ಇದು ನಮ್ಮದು, ಅಂದರು ಅತ್ತೆ. ಅವಳು ಆಕಾರವನ್ನು ನೋಡುತ್ತಾಳೆ, ಇದು ಅವನಲ್ಲ ಅನ್ನಿಸುತ್ತದೆ, ತುಂಬ ಅಗಲ, ಅವನು ಇಷ್ಟು ಅಗಲ ಇರಲಿಲ್ಲ, ಒಂದು ತಲೆ ಮೇಲೆ, ಅದರ ಭುಜದ ಹತ್ತಿರ ಮತ್ತೊಂದು ಉಬ್ಬು, ಉಬ್ಬಲ್ಲ, ತಲೆ, ಇನ್ನೊಂದು ತಲೆ. ಇಬ್ಬರು. ದೊಡ್ಡದು ನಾನು, ಅಂದರು ಅತ್ತೆ. ನೀವಾ! ಟೀಚರಮ್ಮನ ದನಿ. ನಾನೇ ಟೀಚರ್, ನಮ್ಮ ಬಾಗಿಲಿಗೆ ಪಕ್ಕದ್ಮನೆಯೋರು ಬಂದು ನಿಲ್ತಾರಾ, ಇವನಪ್ಪ ಶಿಫ್ಟಿಗೆ ಹೋಗಿದ್ರು. ಇವನಿಗೆ ಒಳಗಿರು ಒಳಗಿರು ಅಂದೆ, ಕೇಳ್ಬೇಕಲ್ಲ, ಬಂದು ನನ್ನ ಪಕ್ಕ ತೂರಿಕೊಂಡ, ಸಿಳ್ಳೆ ಹೊಡೀತಾನೆ ಬೇರೆ, ಬಾಯಿ ಮುಚ್ಚೋ ಸುಣ್ಣ ಹೋಗುತ್ತೆ ಅಂದ್ರೆ ಇನ್ನೂ ಜೋರಾಗಿ. ಯಾವತ್ತೂ ಹೇಳ್ಲೇ ಇಲ್ವಲ್ಲಕ್ಕ, ಅಂದರು ಟೈಲರ್ ಮಾವ. ನೀವು ಯಾವತ್ತು ಕೇಳಿದ್ರಿ? ಬಂದಾಗಲೆಲ್ಲ, ಸಿಳ್ಳೆಯ ಅಮ್ಮ, ಟೀ ಇಡಮ್ಮ. ಟೀಚರಮ್ಮ ಹೆಸರುಗಳ ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆ ಸರಿಸಿದರು, ಇದೂ ಫೋಟೋನೇ, ಇದರಲ್ಲೂ ಕಾಣ್ತಿದಾರೆ, ಗೆರೆ ಎಳಿಯಮ್ಮ, ಇಬ್ಬರದ್ದೂ ಬರ್ಕೊ.

ಅವಳು ಹೊಸ ಹಾಳೆ ಹಾಸುತ್ತಾಳೆ. ಹಾಳೆಯ ಕೆಳಗೆ ಬಾಗಿಲು ಮಂಜಿನೊಳಗೆ ಹೋದ ಹಾಗೆ ಹಿಂದೆ ಸರಿಯುತ್ತದೆ, ಇಬ್ಬರೂ ಅಲ್ಲೇ ನಿಂತಿರುತ್ತಾರೆ. ಅವನು ಇಷ್ಟು ಚಿಕ್ಕವನಾಗಿದ್ದನ್ನು ಅವಳು ನೋಡಿಯೇ ಇಲ್ಲ, ಅವಳಿಗೆ ಗೊತ್ತಿರುವವನು ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಿದ್ದ, ಇವನು ಅಮ್ಮನ ಭುಜಕ್ಕೆ ಬರುತ್ತಾನೆ ಅಷ್ಟೆ, ಇವನ ಬಾಯಲ್ಲಿ ಈಗ ಸುಣ್ಣ, ರುಚಿ ಇಲ್ಲ, ಇವನಿಗೆ ಇನ್ನೂ ಯಾವ ಮಷೀನೂ ಗೊತ್ತಿಲ್ಲ, ಅವಳೂ ಗೊತ್ತಿಲ್ಲ. ಇವನಿಗೆ ಕಿವಿ ಇಲ್ಲ. ಮುಖವೂ ಇಲ್ಲ. ಮೇಷ್ಟ್ರು ಹೇಳಿಕೊಟ್ಟ ಯಾವ ಗುರುತೂ ಇಲ್ಲ, ಆದರೂ ಅತ್ತೆಯ ಬೆರಳು ನೇರ ಅಲ್ಲಿಗೆ ಹೋಗಿ ಹಾಳೆಯ ಮೇಲಿನಿಂದಲೇ ತಲೆ ಸವರುತ್ತಿದೆ, ಕೂದಲು ಸರಿ ಮಾಡುವ ಹಾಗೆ, ಹಾಳೆ ಮುದುಡುತ್ತೆ ಅತ್ತೆ, ಅನ್ನಲು ಬಾಯಿ ತೆರೆಯುತ್ತಾಳೆ, ಅನ್ನುವುದಿಲ್ಲ, ಅತ್ತೆಯ ಕೈ ಅವಳ ಕೈಗೆ ತಗಲುತ್ತಿದೆ, ಬೆಚ್ಚಗಿದೆ, ಬೆಚ್ಚಗಿರುವುದು ಗೊತ್ತಾಗುತ್ತಿದೆ. ಪೆನ್ಸಿಲ್ ಅತ್ತೆಯ ತಲೆಯಿಂದ ಹೊರಡುತ್ತದೆ, ಹಣೆಯ ಬಳಸು, ಕತ್ತು, ಹೊರಗಿನ ಭುಜ, ಸೀರೆಯ ಅಗಲ, ಕೆಳಗೆ ಪಾದ, ಮತ್ತೆ ಆ ಕಡೆಯಿಂದ ಅವನ ಪಾದ, ಸಣ್ಣ ಕಾಲು, ಬಾಗಿಲಿಗೆ ಒತ್ತಿದ ಮೊಣಕೈ, ಕತ್ತು, ಅವನ ತಲೆಯ ಸುತ್ತ ನಿಧಾನಕ್ಕೆ, ಸುತ್ತಿ ಈಚೆ ಬಂದು ಅತ್ತೆಯ ಭುಜದ ಹತ್ತಿರ ಕೆಳಗಿಳಿಯಬೇಕು, ಅತ್ತೆ ಒಂದು, ಇವನು ಎರಡು, ನಡುವೆ ಗೆರೆ ಬರಬೇಕು, ಅವಳು ಭೂತಗನ್ನಡಿ ಹತ್ತಿರ ತರುತ್ತಾಳೆ, ಅಂಚು ಹುಡುಕುತ್ತಾಳೆ, ಇಲ್ಲ, ಸುಣ್ಣ ಅಲ್ಲಿಗೆ ಹೋಗೇ ಇಲ್ಲ, ಒಂದು ಹನಿಯೂ ಇಲ್ಲ, ಅಷ್ಟು ಒತ್ತಿಕೊಂಡಿದ್ದಾರೆ, ಅತ್ತೆಯ ಭುಜ ಎಲ್ಲಿ ಮುಗಿಯಿತು ಅವನ ಕೆನ್ನೆ ಎಲ್ಲಿ ಶುರುವಾಯಿತು, ಬರೀ ಬಾಗಿಲು, ಕಪ್ಪು ಬಾಗಿಲು, ಎರಡು ತಲೆ, ಒಂದೇ ಮೈ, ಪೆನ್ಸಿಲಿನ ತುದಿ ಹಾಳೆಯನ್ನು ಮುಟ್ಟಿಕೊಂಡು ನಿಂತಿದೆ, ಬಿಳಿಯ ನಡುವೆ ಎರಡು ತಲೆ, ಒಂದೇ ಮೈ,